ಜಾತಕದ ಚಂದ್ರ, ಟ್ಯಾರೋ ಕಾರ್ಡಿನ ಚಂದ್ರ: ಎರಡನ್ನೂ ಓದುವ ಕ್ರಮ

ಜ್ಯೋತಿಷವನ್ನೂ, ಚಿತ್ರಕಾರ್ಡುಗಳನ್ನು ತೆಗೆದು ಅರ್ಥ ಓದುವ ಟ್ಯಾರೋವನ್ನೂ ಒಟ್ಟಿಗೆ ಅಭ್ಯಾಸ ಮಾಡುವವರಿಗೆ ಮೊದಲು ತೊಡಕಾಗುವುದು ಚಂದ್ರನ ವಿಷಯದಲ್ಲಿಯೇ. ಜಾತಕದಲ್ಲಿ ಚಂದ್ರನು ಮನಸ್ಸು, ತಾಯಿ, ಪೋಷಣೆ ಮತ್ತು ಜಲತತ್ತ್ವಕ್ಕೆ ಕಾರಕ. ಅದೇ ಚಂದ್ರ ಟ್ಯಾರೋದ ಹದಿನೆಂಟನೆಯ ಕಾರ್ಡಾಗಿ ಬಂದಾಗ ಭ್ರಮೆ, ಭಯ, ಅಸ್ಪಷ್ಟತೆ ಎಂದು ಓದಲಾಗುತ್ತದೆ. ಒಂದರ ಅರ್ಥವನ್ನು ಇನ್ನೊಂದಕ್ಕೆ ಹೊರಿಸಿದರೆ ಎರಡೂ ಓದುಗಳು ಕೆಡುತ್ತವೆ. ಜಾತಕದ ಚಂದ್ರ ನೋಡುವ ಮನಸ್ಸನ್ನು ಸೂಚಿಸುತ್ತಾನೆ, ಕಾರ್ಡಿನ ಚಂದ್ರ ಆ ಮನಸ್ಸು ಸದ್ಯ ಎಂಥ ಬೆಳಕಿನಲ್ಲಿ ನೋಡುತ್ತಿದೆ ಎಂಬುದನ್ನು ಸೂಚಿಸುತ್ತಾನೆ. ಈ ವ್ಯತ್ಯಾಸವನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಜಾತಕದಿಂದ ಆರಂಭಿಸುವುದಾದರೆ, ಯಾವ ಪದ್ಧತಿಯಲ್ಲಿ ಓದುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಭಾರತೀಯ ಜ್ಯೋತಿಷ ಸ್ಥಿರ ನಕ್ಷತ್ರಗಳನ್ನು ಆಧರಿಸಿದ ನಿರಯನ ರಾಶಿಚಕ್ರವನ್ನೂ ಪಾಶ್ಚಾತ್ಯ ಜ್ಯೋತಿಷ ಬಹುಪಾಲು ವಸಂತ ವಿಷುವದಿಂದ ಎಣಿಸುವ ಸಾಯನ ರಾಶಿಚಕ್ರವನ್ನೂ ಬಳಸುತ್ತವೆ; ಇವೆರಡರ ನಡುವಿನ ಅಂತರವಾದ ಅಯನಾಂಶ ಈಗ ಸುಮಾರು 24 ಡಿಗ್ರಿಗಳಷ್ಟಿರುವುದರಿಂದ, ಒಬ್ಬರದೇ ಚಂದ್ರ ಒಂದು ಪದ್ಧತಿಯಲ್ಲಿ ಮೇಷದಲ್ಲಿಯೂ ಇನ್ನೊಂದರಲ್ಲಿ ವೃಷಭದಲ್ಲಿಯೂ ಇರುವುದು ತೀರಾ ಸಾಮಾನ್ಯ. ಒಂದು ಪದ್ಧತಿಯಿಂದ ರಾಶಿಯನ್ನೂ ಇನ್ನೊಂದರಿಂದ ಫಲವನ್ನೂ ತೆಗೆದುಕೊಳ್ಳಬೇಡಿ. ಇಲ್ಲಿ ನಾನು ನಿರಯನ ಪದ್ಧತಿಯನ್ನೇ ಅನುಸರಿಸುತ್ತೇನೆ.

ಹೆಚ್ಚಿನವರು ರಾಶಿಯನ್ನು ಮೊದಲು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪಕ್ಷವನ್ನು ಮೊದಲು ನೋಡಬೇಕು. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದರ ಮೇಲೆ ನಮಗೆ ಕಾಣುವ ಅವನ ಕಾಂತಿ ನಿಂತಿದೆ. ಪ್ರತಿ 12 ಡಿಗ್ರಿ ಅಂತರಕ್ಕೆ ಒಂದು ತಿಥಿ. ಹುಣ್ಣಿಮೆಗೆ ಹತ್ತಿರದ ಚಂದ್ರ ಪಕ್ಷಬಲವುಳ್ಳವನೆಂದೂ ಶುಭನೆಂದೂ, ಅಮಾವಾಸ್ಯೆಗೆ ಹತ್ತಿರದ ಚಂದ್ರ ಕ್ಷೀಣನೆಂದೂ ಶಾಸ್ತ್ರ ಹೇಳುತ್ತದೆ. ಸಾಂಕೇತಿಕವಾಗಿ ಇದರ ಅರ್ಥ ಬಹಳ ಸ್ಪಷ್ಟ: ತುಂಬಿದ ಚಂದ್ರನ ಮನಸ್ಸು ತನ್ನ ಭಾವನೆಗಳನ್ನು ಹೊರಗೆ ತೋರುತ್ತದೆ, ಕ್ಷೀಣ ಚಂದ್ರನ ಮನಸ್ಸು ಅವುಗಳನ್ನು ಒಳಗೇ ಇಟ್ಟುಕೊಳ್ಳುತ್ತದೆ. ಕ್ಷೀಣನೆಂದ ಮಾತ್ರಕ್ಕೆ ದುರ್ಬಲ ಮನಸ್ಸೆಂದು ತೀರ್ಮಾನಿಸುವುದು ಅವಸರದ ಓದು.

ಆಮೇಲೆ ರಾಶಿ. ಚಂದ್ರನಿಗೆ ಕರ್ಕಾಟಕ ಸ್ವಕ್ಷೇತ್ರ (ಸ್ವಂತ ರಾಶಿ), ವೃಷಭ ಉಚ್ಚ (ಅತಿ ಬಲದ ರಾಶಿ), ವೃಶ್ಚಿಕ ನೀಚ (ಅತಿ ದುರ್ಬಲ ರಾಶಿ). ವೃಷಭದ 3ನೇ ಡಿಗ್ರಿಯಲ್ಲಿ ಪರಮೋಚ್ಚ, ವೃಶ್ಚಿಕದ 3ನೇ ಡಿಗ್ರಿಯಲ್ಲಿ ಪರಮನೀಚ. ಒಂದು ರಾಶಿಯನ್ನು ದಾಟಲು ಅವನಿಗೆ ಸುಮಾರು ಎರಡೂಕಾಲು ದಿನ ಬೇಕಾಗುವುದರಿಂದ ಜನನಸಮಯದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಾದರೂ ರಾಶಿ ಬದಲಾಗುವುದು ಅಪರೂಪ. ಆದರೆ ಒಂದು ನಕ್ಷತ್ರದ ವ್ಯಾಪ್ತಿ 13 ಡಿಗ್ರಿ 20 ಕಲೆ ಮಾತ್ರ, ಅದರೊಳಗೆ ನಾಲ್ಕು ಪಾದಗಳು. ಆದ್ದರಿಂದ ನಕ್ಷತ್ರಪಾದದ ಮಟ್ಟದಲ್ಲಿ ಮಾತನಾಡುವ ಮುನ್ನ ಸಮಯವನ್ನು ಖಚಿತಪಡಿಸಿಕೊಳ್ಳಿ.

ಒಂದು ಕಲ್ಪಿತ ಜಾತಕವನ್ನು ಹತ್ತಿರದಿಂದ ನೋಡೋಣ. ಸಿಂಹ ಲಗ್ನ (ಜನನಸಮಯದಲ್ಲಿ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ), ಕೃಷ್ಣ ದ್ವಾದಶಿ, ಚಂದ್ರ ವೃಶ್ಚಿಕದ 10ನೇ ಡಿಗ್ರಿಯಲ್ಲಿ, ಅಂದರೆ ಅನೂರಾಧಾ ನಕ್ಷತ್ರದ ಸರಿಮಧ್ಯದಲ್ಲಿ, ಗುರು ಕರ್ಕಾಟಕದಲ್ಲಿ. ಚಂದ್ರ ಕ್ಷೀಣ, ನೀಚ, ಇರುವುದು ತಾಯಿ, ಮನೆ ಮತ್ತು ನೆಮ್ಮದಿಯ ಸ್ಥಾನವಾದ ನಾಲ್ಕನೆಯ ಭಾವದಲ್ಲಿ. ಇಷ್ಟನ್ನೇ ನೋಡಿ ತಾಯಿಗೆ ಕಷ್ಟ, ಮನಸ್ಸಿಗೆ ಶಾಂತಿಯಿಲ್ಲ ಎಂದು ಹೇಳಿಬಿಡುವವರು ಬಹಳ ಮಂದಿ ಇದ್ದಾರೆ. ಆದರೆ ಚಂದ್ರ ಪರಮನೀಚಾಂಶವನ್ನು ಆಗಲೇ ದಾಟಿದ್ದಾನೆ. ಉಚ್ಚನಾದ ಗುರು ಹನ್ನೆರಡನೆಯ ಭಾವದಿಂದ ತನ್ನ ಐದನೆಯ ದೃಷ್ಟಿಯನ್ನು ನೇರವಾಗಿ ಅವನ ಮೇಲೆ ಇಟ್ಟಿದ್ದಾನೆ. ಇದನ್ನು ನಾನು ಹೀಗೆ ಓದುತ್ತೇನೆ: ಭಾವನೆಯನ್ನು ಸುಲಭಕ್ಕೆ ಬಾಯಿಬಿಟ್ಟು ಹೇಳದ, ಗಾಯವನ್ನು ಮರೆಯದ, ಆದರೆ ಏಕಾಂತ ಮತ್ತು ಅಧ್ಯಯನದಿಂದ ತನ್ನನ್ನು ತಾನೇ ಸಂತೈಸಿಕೊಳ್ಳಬಲ್ಲ ಮನಸ್ಸು. ಅನೂರಾಧಾ ಶನಿಯ ನಕ್ಷತ್ರವಾದ್ದರಿಂದ ಶನಿ ಆಳುವ 19 ವರ್ಷಗಳ ಅವಧಿಯಾದ ಶನಿದಶೆಯಲ್ಲಿ ಅರ್ಧ, ಎಂದರೆ ಒಂಬತ್ತೂವರೆ ವರ್ಷ, ಜನನಕಾಲಕ್ಕೆ ಉಳಿದಿರುತ್ತದೆ. ಬಾಲ್ಯದಲ್ಲಿಯೇ ಹೊಣೆಗಾರಿಕೆಯನ್ನು ಕಲಿತ ಮಗುವಿನ ಚಿತ್ರ ಈ ಓದಿಗೆ ಸೇರಿಕೊಳ್ಳುತ್ತದೆ. ಹೀಗೆ ಪಕ್ಷ, ರಾಶಿ, ಅಂಶ, ಭಾವ, ದೃಷ್ಟಿ, ದಶೆ ಎಂಬ ಕ್ರಮದಲ್ಲಿ ಸಾಗಿದಾಗ ಪ್ರತಿ ಹೆಜ್ಜೆಯೂ ಹಿಂದಿನದನ್ನು ತಿದ್ದುತ್ತದೆ.

ಚಂದ್ರನ ಎರಡೂ ಪಕ್ಕದ ರಾಶಿಗಳಲ್ಲಿ ಗ್ರಹಗಳಿಲ್ಲದಿದ್ದರೆ ಬರುವ ಕೇಮದ್ರುಮ ಯೋಗದ ಹೆಸರು ಹೇಳಿ ಜನರನ್ನು ಹೆದರಿಸುವುದು ನನಗೆ ಬಹಳ ನೋವು ಕೊಡುವ ಅಭ್ಯಾಸ. ಆ ಯೋಗಕ್ಕೆ ಭಂಗಗಳನ್ನೂ, ಅಂದರೆ ಅದನ್ನು ರದ್ದುಪಡಿಸುವ ಸ್ಥಿತಿಗಳನ್ನೂ, ಶಾಸ್ತ್ರವೇ ಹೇಳಿದೆ. ಭಂಗವನ್ನು ಪರಿಶೀಲಿಸದೆ ಯೋಗವನ್ನು ಉಚ್ಚರಿಸಬಾರದು. ಸಾಡೇಸಾತಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು.

ಈಗ ಕಾರ್ಡಿಗೆ ಬರೋಣ. ಟ್ಯಾರೋದ 78 ಕಾರ್ಡುಗಳಲ್ಲಿ 22 ಮೇಜರ್ ಅರ್ಕಾನಾ, ಅಂದರೆ ಮುಖ್ಯ ಕಾರ್ಡುಗಳು. ಅವುಗಳಲ್ಲಿ 17 ನಕ್ಷತ್ರ, 18 ಚಂದ್ರ, 19 ಸೂರ್ಯ. ಇಂದು ಹೆಚ್ಚು ಬಳಕೆಯಲ್ಲಿರುವ ಚಿತ್ರ 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಎ. ಇ. ವೇಟ್ ರೂಪಿಸಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಕಟ್ಟಿನದು. ಪುಸ್ತಕದ ಅರ್ಥಕ್ಕೆ ಹೋಗುವ ಮೊದಲು ಕಾರ್ಡನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ನೋಡಿ. ಕೆಳಗೆ ಒಂದು ಕೊಳ, ಅದರಿಂದ ಮೇಲೇರುತ್ತಿರುವ ಸೀಗಡಿಯಂಥ ಜೀವಿ. ದಡದಲ್ಲಿ ಚಂದ್ರನತ್ತ ಮುಖವೆತ್ತಿದ ಒಂದು ನಾಯಿ, ಒಂದು ತೋಳ. ಅವುಗಳ ನಡುವೆ ಹಾದು, ಎರಡು ಗೋಪುರಗಳನ್ನು ದಾಟಿ, ದೂರದ ಬೆಟ್ಟಗಳಿಗೆ ಹೋಗುವ ಬಳುಕಿನ ದಾರಿ. ಚಿತ್ರದಲ್ಲಿ ಮನುಷ್ಯನೇ ಇಲ್ಲ. ದಾರಿ ಕೊಳದ ಅಂಚಿನಿಂದ, ಅಂದರೆ ನೋಡುವವನ ಕಾಲ ಬುಡದಿಂದಲೇ, ಹೊರಡುತ್ತದೆ. ಹಾಗಾಗಿ ಪ್ರಯಾಣಿಕ ನೀವೇ. ನಾಯಿ ಪಳಗಿದ ಸ್ವಭಾವ, ತೋಳ ಪಳಗದ್ದು. ಎರಡೂ ಒಂದೇ ಬೆಳಕಿಗೆ ಒಂದೇ ರೀತಿ ಕೂಗುತ್ತಿವೆ. ನೀರಿನಿಂದ ಏಳುತ್ತಿರುವುದು ಇನ್ನೂ ಹೆಸರಿಡಲಾಗದ ಭಾವನೆ.

ಈ ಕಾರ್ಡಿನ ತಿರುಳು ಅದರ ಬೆಳಕಿನಲ್ಲಿದೆ. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಅಷ್ಟು ಮಂದ ಬೆಳಕಿನಲ್ಲಿ ಕಣ್ಣು ಆಕಾರವನ್ನು ಗುರುತಿಸುತ್ತದೆಯೇ ಹೊರತು ಬಣ್ಣವನ್ನು ಸರಿಯಾಗಿ ಗುರುತಿಸಲಾರದು. ಮಿಕ್ಕದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಬೆಳದಿಂಗಳಲ್ಲಿ ಹಗ್ಗ ಹಾವಾಗುವುದು ಹೀಗೆಯೇ. ಆದ್ದರಿಂದ ಚಂದ್ರನ ಕಾರ್ಡು ಬಂದಾಗ ‘ಯಾರೋ ಮೋಸ ಮಾಡುತ್ತಿದ್ದಾರೆ’ ಎಂದು ಹೇಳುವುದಕ್ಕಿಂತ, ಕೇಳಿದವರ ಮುಂದೆ ಎರಡು ಪ್ರಶ್ನೆಗಳನ್ನಿಡಿ: ನಿಮಗೆ ನಿಜವಾಗಿ ಗೊತ್ತಿರುವುದು ಎಷ್ಟು, ನೀವು ಊಹಿಸಿ ಸೇರಿಸಿಕೊಂಡದ್ದು ಎಷ್ಟು?

ಒಂದು ಉದಾಹರಣೆ. ಪಾಲುದಾರಿಕೆಯಲ್ಲಿ ವ್ಯವಹಾರ ಆರಂಭಿಸಬೇಕೆ ಎಂಬ ಪ್ರಶ್ನೆಗೆ ಮೂರು ಕಾರ್ಡುಗಳನ್ನು ಸಾಲಾಗಿ ಹರಡಿದ ಸ್ಪ್ರೆಡ್‌ನಲ್ಲಿ ಎರಡು ಖಡ್ಗಗಳು, ಚಂದ್ರ, ಖಡ್ಗಗಳ ಏಸ್ ಬಂದಿವೆ ಎಂದುಕೊಳ್ಳಿ. ಎರಡು ಖಡ್ಗಗಳ ಕಾರ್ಡಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸಿನ ಹಿಂದೆ ಕಡಲೂ ಬಿದಿಗೆಯಂಥ ಚಂದ್ರನೂ ಇವೆ. ಇಷ್ಟು ದಿನ ನಿರ್ಧಾರವನ್ನು ಮುಂದೂಡಲಾಗಿದೆ. ನಡುವಿನ ಚಂದ್ರ, ಈಗಿನ ತಿಳಿವಳಿಕೆ ಅಪೂರ್ಣವೆನ್ನುತ್ತಾನೆ. ಏಸ್ ಸ್ಪಷ್ಟತೆಯ ಖಡ್ಗ. ಒಟ್ಟು ಓದು: ಲೆಕ್ಕಪತ್ರಗಳನ್ನೂ ಒಪ್ಪಂದದ ಕರಡನ್ನೂ ಕೇಳಿ ಪಡೆಯಿರಿ, ಓದುವವರೆಗೆ ಹೌದು ಅಥವಾ ಇಲ್ಲ ಎನ್ನಬೇಡಿ. ಚಂದ್ರನ ಕಾರ್ಡು ತಲೆಕೆಳಗಾಗಿ ಬಂದರೆ ಗೊಂದಲ ಕರಗುತ್ತಿದೆ ಎಂದಾದರೂ ಓದಬಹುದು, ಭಯವನ್ನು ಅದುಮಿಡಲಾಗಿದೆ ಎಂದಾದರೂ ಓದಬಹುದು. ಯಾವುದೆಂಬುದನ್ನು ಪಕ್ಕದ ಕಾರ್ಡುಗಳು ಹೇಳಬೇಕು.

ಎರಡನ್ನೂ ಜೋಡಿಸಿ ಓದಬಯಸುವವರು ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. 1888ರಲ್ಲಿ ಸ್ಥಾಪನೆಯಾದ ಗೋಲ್ಡನ್ ಡಾನ್ ಎಂಬ ಇಂಗ್ಲೆಂಡಿನ ಗೂಢವಿದ್ಯೆಯ ಪಂಥ ಕಾರ್ಡುಗಳನ್ನು ಗ್ರಹರಾಶಿಗಳಿಗೆ ಜೋಡಿಸಿದ ಹೊಂದಾಣಿಕೆಯಲ್ಲಿ ಚಂದ್ರನ ಕಾರ್ಡು ಚಂದ್ರಗ್ರಹಕ್ಕೆ ಸೇರಿದ್ದಲ್ಲ, ಮೀನ ರಾಶಿಗೆ ಸೇರಿದ್ದು. ಚಂದ್ರಗ್ರಹಕ್ಕೆ ಅವರು ಕೊಟ್ಟದ್ದು ಎರಡನೆಯ ಕಾರ್ಡಾದ ಹೈ ಪ್ರೀಸ್ಟೆಸ್ ಅನ್ನು. ಸ್ಮಿತ್ ಅವರ ಚಿತ್ರದಲ್ಲಿ ಆಕೆಯ ಪಾದದ ಬಳಿ ಚಂದ್ರಕಲೆಯಿದೆ. ಕರ್ಕಾಟಕ ರಾಶಿ ಏಳನೆಯ ಕಾರ್ಡಾದ ರಥಕ್ಕೆ ಹೋಗಿದೆ. ಆದ್ದರಿಂದ ಜಾತಕದ ಚಂದ್ರನಿಗೆ ಸಂವಾದಿಯಾದ ಕಾರ್ಡು ಬೇಕೆಂದರೆ ಹೈ ಪ್ರೀಸ್ಟೆಸ್ ಅನ್ನು ನೋಡಿ.

ಮೇಲಿನ ವೃಶ್ಚಿಕ ಚಂದ್ರನ ವ್ಯಕ್ತಿಗೆ ಹದಿನೆಂಟನೆಯ ಕಾರ್ಡು ಬಂದರೆ, ಹಳೆಯ ಗಾಯವೊಂದು ಇಂದಿನ ಸಂಗತಿಗೆ ತನ್ನ ನೆರಳನ್ನು ಹಾಯಿಸಿದೆಯೇ ಎಂದು ಕೇಳುತ್ತೇನೆ. ವೃಷಭದಲ್ಲಿ ಹುಣ್ಣಿಮೆಯ ಚಂದ್ರನಿರುವವರಿಗೆ ಅದೇ ಕಾರ್ಡು ಬಂದರೆ ಪ್ರಶ್ನೆ ಬೇರೆ: ನೆಮ್ಮದಿ ಕದಡೀತೆಂದು ನೋಡದೆ ಬಿಟ್ಟಿರುವುದು ಏನು?

ಅಭ್ಯಾಸಕ್ಕೆ ಒಂದು ಚಾಂದ್ರಮಾಸವನ್ನು, ಎಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇರುವ ಸುಮಾರು 29½ ದಿನಗಳನ್ನು, ಮೀಸಲಿಡಿ. ಪ್ರತಿ ರಾತ್ರಿ ತಿಥಿ, ಚಂದ್ರನ ರಾಶಿ, ಅವನು ನಿಮ್ಮ ಜನ್ಮರಾಶಿಯಿಂದ ಎಷ್ಟನೆಯವನು, ಆ ದಿನದ ಮನಃಸ್ಥಿತಿ, ಇವನ್ನು ಒಂದೊಂದು ಸಾಲಿನಲ್ಲಿ ಬರೆದು, ಕೊನೆಗೆ ಒಂದೇ ಒಂದು ಕಾರ್ಡು ತೆಗೆಯಿರಿ. ಮನಃಸ್ಥಿತಿಯ ಸಾಲನ್ನು ಕಾರ್ಡು ತೆಗೆಯುವ ಮೊದಲೇ ಬರೆಯಬೇಕು, ಇಲ್ಲದಿದ್ದರೆ ಕಾರ್ಡು ಅದನ್ನು ಬದಲಿಸಿಬಿಡುತ್ತದೆ. ಜನ್ಮರಾಶಿಯಿಂದ ಎಂಟನೆಯ ರಾಶಿಯಲ್ಲಿ ಚಂದ್ರ ಸಂಚರಿಸುವ ದಿನಗಳನ್ನು ಸಂಪ್ರದಾಯ ಅಷ್ಟಮ ಚಂದ್ರನೆಂದು ಕರೆದು ಎಚ್ಚರಿಸುತ್ತದೆ. ಆ ಸಾಲುಗಳಿಗೆ ಮೊದಲೇ ಗುರುತು ಹಾಕದೆ, ಮಾಸ ಮುಗಿದ ಮೇಲೆ ಹುಡುಕಿ ಉಳಿದವುಗಳೊಂದಿಗೆ ಹೋಲಿಸಿ ನೋಡಿ.