ಕರಡು ತಿದ್ದುವ ಕಣ್ಣು ಮತ್ತು ಕುಕ್ಕರಹಳ್ಳಿಯ ಏರಿ

ಮೈಸೂರಿನ ಸರಸ್ವತೀಪುರದ ಮನೆಯಲ್ಲಿ ಕುಳಿತು ಪುಸ್ತಕಗಳ ಕರಡು ತಿದ್ದುವುದು ನನ್ನ ವೃತ್ತಿ. ಇದರಲ್ಲಿ ಕಣ್ಣಿಗಿಂತ ಬೇಗ ದಣಿಯುವುದು ಗಮನ. ಅರ್ಥದ ಬೆನ್ನು ಹತ್ತಿ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸಿ, ಒತ್ತಕ್ಷರ, ದೀರ್ಘ, ಮಹಾಪ್ರಾಣಗಳನ್ನು ಒಂದೊಂದಾಗಿ ನೋಡುವಂತೆ ಮಾಡಬೇಕು. ಇಳಿಹೊತ್ತಿಗೆ ಆ ಹಿಡಿತವೇ ಸಡಿಲವಾಗುತ್ತಿತ್ತು. 'ಗುರುಗಳ ಆದರಕ್ಕೆ ಪಾತ್ರರಾದರು' ಎಂಬುದು 'ಗುರುಗಳ ಅಧರಕ್ಕೆ ಪಾತ್ರರಾದರು' ಎಂದು ಅಚ್ಚಾದದ್ದು ಅಂಥದೊಂದು ಸಂಜೆ ನಾನು ತಿದ್ದಿದ ಪುಟದಲ್ಲೇ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮಾರ್ಕ್ ಬರ್ಮನ್, ಜಾನ್ ಜೊನೈಡಿಸ್ ಮತ್ತು ಸ್ಟೀಫನ್ ಕಪ್ಲಾನ್ ಅವರು 2008ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದ್ದು ಆಗಲೇ. ಒಂದೇ ಗುಂಪಿನವರನ್ನು ಒಂದು ದಿನ ಮರಗಳ ನಡುವೆ, ಇನ್ನೊಂದು ದಿನ ಪೇಟೆಯ ರಸ್ತೆಯಲ್ಲಿ ಸುಮಾರು ಐವತ್ತು ನಿಮಿಷ ನಡೆಸಿ, ಕೇಳಿದ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದಾಗ, ಮರಗಳ ನಡುವೆ ನಡೆದ ಮೇಲಷ್ಟೇ ಸ್ಪಷ್ಟ ಸುಧಾರಣೆ ಕಂಡಿತ್ತು. ಕಪ್ಲಾನರ ವಿವರಣೆಯಂತೆ ಎಲೆ, ನೀರು, ಹಕ್ಕಿಗಳು ಗಮನವನ್ನು ಮೆಲ್ಲಗೆ ಸೆಳೆಯುವುದರಿಂದ, ಪ್ರಯತ್ನಪೂರ್ವಕವಾಗಿ ಹಿಡಿದಿಡುವ ಗಮನಕ್ಕೆ ಬಿಡುವು ಸಿಗುತ್ತದೆ. ಪೇಟೆಯಲ್ಲಾದರೋ ವಾಹನಗಳಿಂದ ತಪ್ಪಿಸಿಕೊಳ್ಳಲು ಅದೇ ಗಮನ ಬೇಕು.

ನಾನೂ ಮೂರು ವಾರ ಹಾಗೇ ಮಾಡಿ ನೋಡಿದೆ. ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿ, ಮರುದಿನ ದೇವರಾಜ ಅರಸು ರಸ್ತೆ. ಮನೆಗೆ ಬಂದೊಡನೆ ಹೆಂಡತಿ ಅಂಕಿಗಳನ್ನು ಓದುತ್ತಿದ್ದಳು, ನಾನು ತಿರುಗಾಮುರುಗಾ ಒಪ್ಪಿಸುತ್ತಿದ್ದೆ. ರೂಢಿಯಾದಂತೆ ಎರಡೂ ದಿನ ಚೆನ್ನಾಗಿ ಬರತೊಡಗಿದ್ದರಿಂದ ಆ ಲೆಕ್ಕವನ್ನು ನಾನು ಹೆಚ್ಚು ನಂಬುವುದಿಲ್ಲ. ನಂಬುವುದು ಕರಡನ್ನು: ರಾತ್ರಿ ತಿದ್ದಿದ ಪುಟಗಳನ್ನು ಮರುದಿನ ಮತ್ತೆ ಓದಿದಾಗ, ಏರಿಯಿಂದ ಬಂದ ದಿನಗಳಲ್ಲಿ ಕಣ್ತಪ್ಪಿದ ದೋಷಗಳು ಕಡಿಮೆ ಇರುತ್ತಿದ್ದವು.

ಆದರೆ ಏರಿಯ ಮೇಲೆ ನಡೆದರಷ್ಟೇ ಸಾಲದು. ಸ್ನೇಹಿತರೊಬ್ಬರು ಜೊತೆಗೂಡಿ ಸೈಟಿನ ಬೆಲೆಯ ಮಾತು ತೆಗೆದ ದಿನ ಹೆಜ್ಜಾರ್ಲೆ ಹಕ್ಕಿ ಎದುರಿಗೇ ಇಳಿದರೂ ನಾನು ನೋಡಲಿಲ್ಲ, ಕೆಲಸವೂ ಸಾಗಲಿಲ್ಲ. ಫೋನು ಜೇಬಿನಲ್ಲಿದ್ದಾಗಲೂ ಅದೇ ಪಾಡು. ಈಗ ಫೋನು ಮನೆಯಲ್ಲೇ ಉಳಿಯುತ್ತದೆ. ಇನ್ನೊಂದು ಮಾತು: ನಡಿಗೆ ಹಿತವೆನಿಸಲೇಬೇಕೆಂದಿಲ್ಲ. ಆ ಪ್ರಯೋಗದಲ್ಲೂ ಸುಧಾರಣೆಗೆ ಮನಸ್ಸಿನ ಉಲ್ಲಾಸ ಕಾರಣವಾಗಿರಲಿಲ್ಲ. ಕೆರೆಯ ನೀರು ನಾತ ಹೊಡೆದ ದಿನ ಮೂಗು ಮುಚ್ಚಿಕೊಂಡು ಬಂದರೂ ರಾತ್ರಿ ಪದಸೂಚಿಯ ಪುಟಸಂಖ್ಯೆಗಳನ್ನು ನಾನು ತಡವರಿಸದೆ ತಾಳೆ ನೋಡಿದ್ದೇನೆ.