ಬದು ಒಡೆದು ನೀರು ಹರಿಸಿದೆ: ಗಾಲ್ಫ್ ಮೈದಾನವನ್ನು ಚಳಿಗಾಲಕ್ಕೆ ಅಣಿಗೊಳಿಸುವ ನನ್ನ ಅನುಭವ

ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಸಾರ್ವಜನಿಕ ಗಾಲ್ಫ್ ಮೈದಾನದಲ್ಲಿ ಹುಲ್ಲಿನ ನಿರ್ವಹಣೆಯ ಹೊಣೆ ಹೊತ್ತು ನನಗೆ ಒಂಬತ್ತು ವರ್ಷಗಳಾದವು. 18 ಕುಳಿಗಳ ಈ ಮೈದಾನ ಊರಿನ ಆಡಳಿತಕ್ಕೆ ಸೇರಿದ್ದು. ಸದಸ್ಯತ್ವದ ಹಂಗಿಲ್ಲದೆ, ಆ ದಿನದ ಶುಲ್ಕ ಕೊಟ್ಟು ಯಾರು ಬೇಕಾದರೂ ಬಂದು ಆಡಬಹುದು. ನವೆಂಬರ್ ನಡುವಿನಲ್ಲಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಏಪ್ರಿಲ್‌ನಲ್ಲಿ. ಆ ಐದು ತಿಂಗಳು ನಿಮಗೇನು ಕೆಲಸ ಎಂದು ಊರಿನವರು ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಹಿಮದ ಕೆಳಗೆ ಹುಲ್ಲು ಬದುಕುತ್ತದೆಯೋ ಸಾಯುತ್ತದೆಯೋ ಎಂಬುದು ಬಹುಪಾಲು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಕೆಲಸದಲ್ಲೇ ತೀರ್ಮಾನವಾಗಿಬಿಡುತ್ತದೆ ಎಂಬುದನ್ನು ಅವರಿಗೆ ವಿವರಿಸುವುದು ಕಷ್ಟ. ನನಗೂ ಅದು ಅರ್ಥವಾದದ್ದು ಒಂದು ನಷ್ಟದ ನಂತರವೇ.

ಕರ್ನಾಟಕದಲ್ಲಿ, ನಮ್ಮ ಕಡೆಯ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವುದು ಹೆಚ್ಚಾಗಿ ಬರ್ಮುಡಾ ಹುಲ್ಲು, ಅಂದರೆ ಗಣಪತಿಗೆ ಏರಿಸುವ ಗರಿಕೆಯ ಬಳಗದ್ದೇ. ಅದು ಬಿಸಿಲಿನ ಮಗು. ಮಿನ್ನೆಸೋಟದ ಜನವರಿಯಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿಯುವ ಚಳಿಯನ್ನು ತಡೆಯಲಾರದು. ಇಲ್ಲಿನ ಗ್ರೀನ್‌ಗಳಲ್ಲಿ, ಎಂದರೆ ಚೆಂಡನ್ನು ಕುಳಿಗೆ ಉರುಳಿಸುವ ನುಣುಪಾದ ಹುಲ್ಲಿನ ಹಾಸುಗಳಲ್ಲಿ, ನಾವು ಬೆಳೆಸುವುದು ಕ್ರೀಪಿಂಗ್ ಬೆಂಟ್‌ಗ್ರಾಸ್. ಅದರ ನಡುವೆ ಕರೆಯದೆ ಬಂದು ನೆಲೆಸಿರುವ ಪೋವಾ ಆನುವಾ ಎಂಬ ಇನ್ನೊಂದು ಹುಲ್ಲೂ ಇದೆ. ಬೇಸಿಗೆಯಲ್ಲಿ ಎರಡನ್ನೂ ಮೂರು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದರೆ ಹೊಸಬರಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಚಳಿಗಾಲದಲ್ಲಿ ಮಾತ್ರ ಅವುಗಳ ಗುಣ ಬೇರೆಯಾಗುತ್ತದೆ: ಮಂಜುಗಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಬೆಂಟ್‌ಗ್ರಾಸ್ ಸುಮಾರು 120 ದಿನ ತಡೆಯಬಲ್ಲದು, ಪೋವಾ 45ರಿಂದ 75 ದಿನಗಳೊಳಗೆ ಸಾಯತೊಡಗುತ್ತದೆ.

ನಾನು ಬಂದ ಮೂರನೆಯ ವಸಂತದಲ್ಲಿ ಹಿಮ ಕರಗಿದಾಗ ಏಳನೆಯ ಗ್ರೀನ್‌ನ ತಗ್ಗಿನ ಅಂಚು ಪೂರ್ತಿ ಸತ್ತಿತ್ತು. ಅರ್ಧಚಂದ್ರಾಕಾರದಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಒಂದು ಪಟ್ಟಿ, ಮುಟ್ಟಿದರೆ ಕೈಗೆ ಕಿತ್ತು ಬರುವ ಬುಡ, ಕೊಳೆತ ವಾಸನೆ. ರೋಗವಿರಬೇಕೆಂದು ನಾನು ಮೊದಲು ಊಹಿಸಿದೆ. ಆ ವಾರ ಅಪ್ಪನ ಜೊತೆ ಮಾತನಾಡುವಾಗ ಈ ವಿಷಯ ಬಂತು. ಹಾಸನದ ಕಡೆಯ ನಮ್ಮ ರಾಗಿ ಹೊಲ ಬಿಟ್ಟು ಬೇರೆ ಬೇಸಾಯ ಕಾಣದವರು ಅವರು. “ಮೊದಲು ನೀರು ಎಲ್ಲಿ ನಿಲ್ಲುತ್ತೆ ಅಂತ ನೋಡಪ್ಪ, ಆಮೇಲೆ ಔಷಧಿ ಯೋಚನೆ ಮಾಡು” ಎಂದರು. ಮುಂದಿನ ಮಳೆಯಲ್ಲಿ ಕೊಡೆ ಹಿಡಿದು ಏಳನೆಯ ಗ್ರೀನ್‌ನ ಪಕ್ಕ ಒಂದು ಗಂಟೆ ನಿಂತೆ. ಮೇಲಿನಿಂದ ಹರಿದು ಬಂದ ನೀರು ಅಂಚಿನವರೆಗೆ ಬಂದು, ಅಲ್ಲಿ ಕಾಣದ ಗೋಡೆಯೊಂದಕ್ಕೆ ತಾಗಿದಂತೆ ನಿಂತುಬಿಟ್ಟಿತು. ಮಳೆ ನಿಂತ ಮೇಲೆ ದಾರ ಕಟ್ಟಿ ಮಟ್ಟ ಹಿಡಿದು ನೋಡಿದರೆ, ಗ್ರೀನ್‌ನ ಸುತ್ತಲಿನ ಹುಲ್ಲುಪಟ್ಟಿ ಒಳಗಿನ ನೆಲಕ್ಕಿಂತ ಒಂದೂವರೆ ಇಂಚು ಎತ್ತರವಾಗಿತ್ತು.

ಆ ಬದುವನ್ನು ಕಟ್ಟಿದ್ದು ನಮ್ಮದೇ ಕೈ. ಗ್ರೀನ್‌ಗಳ ಮೇಲೆ ಪ್ರತಿ ವರ್ಷವೂ ಹಲವು ಬಾರಿ ತೆಳುವಾಗಿ ಮರಳು ಹರಡಿ ಗುಡಿಸುತ್ತೇವೆ. ಗುಡಿಸುವ ಚಾಪೆ, ತಿರುಗುವ ಯಂತ್ರ ಎಲ್ಲವೂ ಅಂಚಿಗೆ ಬಂದಾಗ ಸ್ವಲ್ಪ ಸ್ವಲ್ಪ ಮರಳನ್ನು ಅಲ್ಲೇ ಬಿಟ್ಟು ಹೋಗುತ್ತವೆ. ಇಪ್ಪತ್ತು, ಮೂವತ್ತು ವರ್ಷಗಳಲ್ಲಿ ಅದು ಬೆಳೆದು ಬದುವಾಗುತ್ತದೆ. ನಮ್ಮ ಹೊಲದಲ್ಲಿ ಅಪ್ಪ ಪ್ರತಿ ಬೇಸಿಗೆಯಲ್ಲೂ ಬದು ಸರಿಪಡಿಸುತ್ತಿದ್ದುದು ಬಿದ್ದ ಮಳೆ ಹೊಲದಲ್ಲೇ ಇಂಗಲಿ ಎಂದು. ಇಲ್ಲಿ ಅದೇ ಬದು ನೀರನ್ನು ಹಿಡಿದಿಟ್ಟು, ಆ ನೀರು ಡಿಸೆಂಬರ್‌ನಲ್ಲಿ ಮಂಜುಗಡ್ಡೆಯಾಗಿ, ಹುಲ್ಲಿನ ಉಸಿರು ಕಟ್ಟಿಸುತ್ತಿತ್ತು.

ಹಾಗಾಗಿ ಈಗ ನಮ್ಮ ಚಳಿಗಾಲದ ಸಿದ್ಧತೆ ಸೆಪ್ಟೆಂಬರ್‌ನಲ್ಲಿ ಬದು ಒಡೆಯುವುದರಿಂದ ಶುರುವಾಗುತ್ತದೆ. ವರ್ಷಕ್ಕೆ ಎರಡು ಅಥವಾ ಮೂರು ಗ್ರೀನ್‌ಗಳನ್ನು ಮಾತ್ರ ಕೈಗೆತ್ತಿಕೊಳ್ಳುತ್ತೇವೆ. ನಮ್ಮಲ್ಲಿರುವ ಆಳುಗಳಿಗೆ ಅದಕ್ಕಿಂತ ಹೆಚ್ಚು ಆಗದು. ನೀರು ಹೊರಹೋಗಬೇಕಾದ ತಗ್ಗಿನ ಕಡೆ ಎರಡು ಅಡಿ ಅಗಲದ ಹುಲ್ಲುಪಟ್ಟಿಯನ್ನು ಯಂತ್ರದಿಂದ ಚಾಪೆಯಂತೆ ಸೀಳಿ, ಸುರುಳಿ ಸುತ್ತಿ ಪಕ್ಕಕ್ಕಿಡುತ್ತೇವೆ. ಕೆಳಗಿನ ಮರಳುಮಣ್ಣನ್ನು ಸಲಿಕೆಯಿಂದ ತೆಗೆದು, ಒಳಗಿನ ನೆಲಕ್ಕಿಂತ ಕೂದಲೆಳೆಯಷ್ಟು ತಗ್ಗಾಗುವಂತೆ ಮಟ್ಟ ಮಾಡಿ, ಅದೇ ಚಾಪೆಯನ್ನು ಮತ್ತೆ ಹಾಸಿ, ರೋಲರ್ ಎಳೆದು, ನೀರು ಕೊಡುತ್ತೇವೆ. ಇದನ್ನು ಸೆಪ್ಟೆಂಬರ್ ಕೊನೆಗೆ ಮುಗಿಸಲೇಬೇಕು. ನೆಲದಲ್ಲಿ ಇನ್ನೂ ಬಿಸಿಯಿರುವಾಗ ಬೇರು ಹಿಡಿಯದಿದ್ದರೆ ಹಾಸಿದ ಚಾಪೆ ಚಳಿಗೆ ಎದ್ದುಬಿಡುತ್ತದೆ. ಏಳನೆಯ ಗ್ರೀನ್‌ನಲ್ಲಿ ಈ ಕೆಲಸ ಮುಗಿದ ದಿನ ಬಕೆಟ್‌ನಿಂದ ನೀರು ಸುರಿದು ನೋಡಿದೆವು. ಅದು ತಡೆಯಿಲ್ಲದೆ ಅಂಚು ದಾಟಿ ಇಳಿಜಾರಿಗೆ ಹರಿದುಹೋಯಿತು.

ಅಕ್ಟೋಬರ್ ಹುಲ್ಲನ್ನು ಗಟ್ಟಿಮಾಡುವ ತಿಂಗಳು. ಚಳಿ ಮೆಲ್ಲಮೆಲ್ಲನೆ ಏರಿದಂತೆ ಹುಲ್ಲು ತನ್ನ ಜೀವಕೋಶಗಳ ನೀರನ್ನು ಕಡಿಮೆ ಮಾಡಿಕೊಂಡು ಸಕ್ಕರೆಯನ್ನು ಕೂಡಿಡುತ್ತದೆ. ಹೆಪ್ಪುಗಟ್ಟುವ ಅಪಾಯದಿಂದ ಅದನ್ನು ಕಾಯುವುದು ಇದೇ. ಇದಕ್ಕೆ ಎಲೆ ಬೇಕು, ಬಿಸಿಲು ಬೇಕು. ಆದ್ದರಿಂದ ಕತ್ತರಿಸುವ ಎತ್ತರವನ್ನು ಮೂರು ಮಿಲಿಮೀಟರ್‌ನಿಂದ ನಾಲ್ಕಕ್ಕೆ ಏರಿಸುತ್ತೇನೆ ಮತ್ತು ಸಾರಜನಕದ ಗೊಬ್ಬರದಲ್ಲಿ ಕೈ ಬಿಗಿಹಿಡಿಯುತ್ತೇನೆ. ಈ ಹೊತ್ತಿನಲ್ಲಿ ಹೆಚ್ಚು ಉಣಿಸಿದರೆ ಹುಲ್ಲು ಎಳೆಯದಾಗಿ, ಮೃದುವಾಗಿ ಚಳಿಗೆ ಸಿಕ್ಕಿಬೀಳುತ್ತದೆ. ಗ್ರೀನ್‌ನಲ್ಲಿ ಚೆಂಡು ಅಷ್ಟು ಚುರುಕಾಗಿ ಉರುಳುತ್ತಿಲ್ಲ ಎಂದು ನಿತ್ಯ ಆಡುವ ಹಿರಿಯರು ಬೇಸರಪಡುತ್ತಾರೆ. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುವಾಗ ಅದು ಕರಗುವವರೆಗೆ ಆಟ ಶುರುಮಾಡಿಸುವುದಿಲ್ಲ ಎಂದಾಗಲೂ ಅಷ್ಟೇ. ಆ ಸ್ಥಿತಿಯಲ್ಲಿ ಕಾಲಿಟ್ಟರೆ ಎಲೆಯ ಕೋಶಗಳು ಒಡೆದು, ಒಂದೆರಡು ದಿನದಲ್ಲಿ ಹೆಜ್ಜೆ ಗುರುತುಗಳೆಲ್ಲ ಕಂದಾಗಿ ಮೂಡುತ್ತವೆ. ಹಾಗೆ ಮೂಡಿದ ಗುರುತೊಂದರ ಫೋಟೊವನ್ನು ಟಿಕೆಟ್ ಕೊಡುವ ಕಿಟಕಿಯ ಪಕ್ಕ ಅಂಟಿಸಿದ ಮೇಲೆ ವಾದ ಬಹಳ ಕಡಿಮೆಯಾಗಿದೆ.

ಇನ್ನು ನೀರಾವರಿ ಪೈಪುಗಳು. ಮಿನ್ನೆಸೋಟದ ಕಟ್ಟಡ ನಿಯಮದ ಪ್ರಕಾರ ಅಡಿಪಾಯವನ್ನು ದಕ್ಷಿಣದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳಕ್ಕೆ ಹಾಕಬೇಕು, ಏಕೆಂದರೆ ನೆಲ ಅಷ್ಟು ಆಳದವರೆಗೆ ಹೆಪ್ಪುಗಟ್ಟಬಹುದು. ನಮ್ಮ ಪೈಪುಗಳಿರುವುದು ಬರೀ ಎರಡು ಅಡಿಯೊಳಗೆ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ; ಒಳಗೆ ನೀರು ನಿಂತ ಪೈಪು ಸೀಳದೆ ಬೇರೆ ದಾರಿಯಿಲ್ಲ. ಆದ್ದರಿಂದ ಅಕ್ಟೋಬರ್ ಕೊನೆಯ ವಾರದಲ್ಲಿ ದೊಡ್ಡ ಕಂಪ್ರೆಸರ್ ಬಾಡಿಗೆಗೆ ತಂದು, ಪಂಪ್ ಮನೆಯ ಹತ್ತಿರ ಮುಖ್ಯ ಪೈಪಿಗೆ ಜೋಡಿಸಿ, ಇಡೀ ಜಾಲದ ನೀರನ್ನು ಗಾಳಿಯಿಂದ ಊದಿ ಹೊರಹಾಕುತ್ತೇವೆ. ಇದರಲ್ಲಿ ಬೇಕಾದದ್ದು ಗಾಳಿಯ ಪ್ರಮಾಣ, ಒತ್ತಡವಲ್ಲ. ನಿಮಿಷಕ್ಕೆ 900 ಘನ ಅಡಿ ಗಾಳಿ ಕೊಡುವ ಯಂತ್ರವಿದ್ದರೂ ಒತ್ತಡವನ್ನು 60 ಪಿಎಸ್‌ಐ ದಾಟಲು ಬಿಡುವುದಿಲ್ಲ. ಕಂಪ್ರೆಸರ್‌ನಿಂದ ಬರುವ ಗಾಳಿ ಬಿಸಿಯಾಗಿರುತ್ತದೆ; ಒಂದೇ ಕಡೆ ಹೆಚ್ಚು ಹೊತ್ತು ಬಿಟ್ಟರೆ ಪಿವಿಸಿ ಪೈಪು ಮೆತ್ತಗಾಗುವ ಭಯವೂ ಇದೆ. ಒಂದೊಂದೇ ಸ್ಪ್ರಿಂಕ್ಲರ್ ತೆರೆದು, ನೀರಿನ ಧಾರೆ ಹೋಗಿ ಬರೀ ಹೊಗೆಯಂಥ ತುಂತುರು ಬರುವವರೆಗೆ ಕಾದು, ಮುಂದಿನದಕ್ಕೆ ಹೋಗಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಸ್ಪ್ರಿಂಕ್ಲರ್ ಮೇಲೆ ಬಗ್ಗಿ ನೋಡುವುದು ಕಡ್ಡಾಯವಾಗಿ ನಿಷಿದ್ಧ.

ಮೊದಲ ವರ್ಷ ನಾನು ಒಂದು ಸುತ್ತು ಊದಿ ಕೆಲಸ ಮುಗಿಯಿತೆಂದುಕೊಂಡೆ. ಪೈಪಿನ ಒಳಗೋಡೆಗೆ ಅಂಟಿದ್ದ ನೀರೆಲ್ಲ ರಾತ್ರಿಯಿಡೀ ಇಳಿದು ತಗ್ಗಿನ ಜಾಗಗಳಲ್ಲಿ ಸೇರಿಕೊಂಡಿತ್ತು. ವಸಂತದಲ್ಲಿ ಹನ್ನೊಂದು ಕಡೆ ನೆಲ ಅಗೆದು ಪೈಪು ಸರಿಮಾಡಬೇಕಾಯಿತು. ಈಗ ಮಾರನೆಯ ದಿನ ಎರಡನೆಯ ಸುತ್ತು ಊದದೆ ಕಂಪ್ರೆಸರನ್ನು ಹಿಂದಿರುಗಿಸುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಬಾಲ್ ವಾಲ್ವ್‌ಗಳನ್ನು, ಅಂದರೆ ಒಳಗಿನ ಗುಂಡು ತಿರುಗಿಸಿ ನೀರು ಬಿಡುವ, ತಡೆಯುವ ಕವಾಟಗಳನ್ನು, ಪೂರ್ತಿ ಮುಚ್ಚಿಯೋ ಪೂರ್ತಿ ತೆರೆದೋ ಬಿಟ್ಟರೆ ಅವುಗಳ ಗುಂಡಿನ ಸುತ್ತ ಒಂದಿಷ್ಟು ನೀರು ಉಳಿದು ಮೈ ಸೀಳಿಸುತ್ತದೆ. ಅರ್ಧಕ್ಕೆ ತಿರುಗಿಸಿಡಬೇಕು.

ನವೆಂಬರ್ ಮೊದಲೆರಡು ವಾರಗಳಲ್ಲಿ ಕೊನೆಯ ಕಟಾವು ಮುಗಿಸಿ ಶಿಲೀಂಧ್ರನಾಶಕ ಸಿಂಪಡಿಸುತ್ತೇವೆ. ಅದು ಹಿಮದ ಬೂಷ್ಟಿಗೆ, ಅಂದರೆ ಚಳಿಯಲ್ಲಿ ಹುಲ್ಲನ್ನು ಕೊಳೆಸುವ ಶಿಲೀಂಧ್ರ ರೋಗಕ್ಕೆ. ಅದರಲ್ಲಿ ಎರಡು ಬಗೆ. ಬೂದುಬಣ್ಣದ್ದಕ್ಕೆ ಸುಮಾರು ಎರಡು ತಿಂಗಳು ಬಿಡದೆ ಹಿಮದ ಹೊದಿಕೆ ಬೇಕು. ಅದು ಸಾಸಿವೆಯಂಥ ಸಣ್ಣ ಕಾಳುಗಳಾಗಿ ಬೇಸಿಗೆಯೆಲ್ಲ ಹುಲ್ಲಿನ ಬುಡದಲ್ಲೇ ಮಲಗಿರುತ್ತದೆ. ಗುಲಾಬಿ ಬಣ್ಣದ್ದಕ್ಕೆ ಹಿಮವೇ ಬೇಕಿಲ್ಲ, ಒದ್ದೆ ಮತ್ತು ತಂಪು ಇದ್ದರೆ ಸಾಕು. ನೆಲ ಹೆಪ್ಪುಗಟ್ಟುವ ಮೊದಲೇ ದಪ್ಪ ಹಿಮ ಬಿದ್ದರೆ ಎರಡಕ್ಕೂ ಹಬ್ಬ. ಔಷಧಿ ಒಣಗಿ ಕೆಲವು ದಿನಗಳಾದ ಮೇಲೆ ಗ್ರೀನ್‌ಗಳಿಗೆ ದಪ್ಪವಾಗಿ ಮರಳು ಹರಡುತ್ತೇವೆ. ಎಲೆಯ ತುದಿ ಕಾಣಬೇಕು, ಬುಡದ ಕುಡಿ ಮುಚ್ಚಿರಬೇಕು. ಹಿಮವಿಲ್ಲದೆ ಬೀಸುವ ಒಣ ಚಳಿಗಾಳಿಗೆ ಕುಡಿ ಒಣಗದಂತೆ ಈ ಮರಳೇ ಅದರ ಕಂಬಳಿ. ಗಾಳಿಯ ಹೊಡೆತ ಹೆಚ್ಚಿರುವ ಮೂರು ಗ್ರೀನ್‌ಗಳಿಗೆ ಮಾತ್ರ ನೇಯ್ದ ಹೊದಿಕೆ ಹಾಸುತ್ತೇವೆ. ಎಲ್ಲಕ್ಕೂ ಹಾಸುವಷ್ಟು ಹಣ ಸಾರ್ವಜನಿಕ ಮೈದಾನದಲ್ಲಿಲ್ಲ.

ಡಿಸೆಂಬರ್‌ನಿಂದ ಕೆಲಸ ಶೆಡ್ಡಿನೊಳಗೆ. ಎಲ್ಲ ಯಂತ್ರಗಳ ಎಣ್ಣೆ, ಬೆಲ್ಟು, ಬೇರಿಂಗ್ ನೋಡಿ, ಕತ್ತರಿಸುವ ಉರುಳೆಗಳಿಗೆ ಸಾಣೆ ಹಿಡಿದು, ಅಲಗಿನ ನಡುವೆ ದಿನಪತ್ರಿಕೆಯ ಚೂರನ್ನಿಟ್ಟು ತಿರುಗಿಸಿ, ಉದ್ದಕ್ಕೂ ಒಂದೇ ರೀತಿ ಕತ್ತರಿಸುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಹೊರಗೆ ನೆಲ ಕಲ್ಲಾಗಿರುವುದರಿಂದ ಭಾರದ ಗಾಡಿಗಳು ಫೇರ್‌ವೇ ಮೇಲೆ, ಎಂದರೆ ಆಟ ಶುರುವಾಗುವ ಜಾಗದಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿಯ ಮೇಲೆ, ಹೋದರೂ ಗುರುತು ಮೂಡುವುದಿಲ್ಲ; ಹಾಗಾಗಿ ಗ್ರೀನ್‌ಗಳಿಗೆ ನೆರಳು ಮಾಡುವ ಕೊಂಬೆಗಳನ್ನು ತೆಗೆಯಲು ಇದೇ ಸಮಯ. ಓಕ್ ಮರಗಳನ್ನಂತೂ ಏಪ್ರಿಲ್‌ನಿಂದ ಜುಲೈವರೆಗೆ ಮುಟ್ಟುವಂತೆಯೇ ಇಲ್ಲ, ಗಾಯದ ವಾಸನೆಗೆ ಬರುವ ಜೀರುಂಡೆಗಳು ಓಕ್ ವಿಲ್ಟ್ ರೋಗವನ್ನು ಹೊತ್ತು ತರುತ್ತವೆ. ಫೇರ್‌ವೇಗಳ ಮೇಲೆ ಸ್ಕೀ ಹಾದಿಯೂ ಇರುತ್ತದೆ. ಇದು ಈ ಸೀಮೆಯ ರೂಢಿ. 2024ರ ಫೆಬ್ರುವರಿಯಲ್ಲಿ ಸ್ಕೀ ವಿಶ್ವಕಪ್ ಪಂದ್ಯಗಳು ನಡೆದ ಮಿನಿಯಾಪೊಲಿಸ್‌ನ ಥಿಯೊಡೋರ್ ವಿರ್ತ್ ಪಾರ್ಕಿನಲ್ಲೂ ಒಂದು ಸಾರ್ವಜನಿಕ ಗಾಲ್ಫ್ ಮೈದಾನವಿದೆ. ತೆರಿಗೆ ಕಟ್ಟುವವರಿಗೆ ಚಳಿಗಾಲದಲ್ಲೂ ಮೈದಾನ ದಕ್ಕುವುದು ನನಗೆ ಸಂತೋಷವೇ, ಆದರೆ ಗ್ರೀನ್‌ಗಳ ಸುತ್ತ ಹಗ್ಗ ಕಟ್ಟುತ್ತೇನೆ. ತುಳಿದು ಗಟ್ಟಿಯಾದ ಹಿಮ ಕೊನೆಯವರೆಗೂ ಕರಗದೆ ಮಂಜುಗಡ್ಡೆಯಾಗುತ್ತದೆ.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಡಿಸೆಂಬರ್ ಕೊನೆಗೆ ಹಿಮದ ಮೇಲೆ ಮಳೆ ಸುರಿಯಿತು, ಆ ರಾತ್ರಿಯೇ ಚಳಿ ಬಿಗಿಯಿತು. ನಾಲ್ಕು ಗ್ರೀನ್‌ಗಳ ಮೇಲೆ ಎರಡು ಇಂಚಿನ ಗಾಜಿನಂಥ ಮಂಜುಗಡ್ಡೆ. ಡೈರಿಯಲ್ಲಿ ತಾರೀಖು ಬರೆದು ದಿನ ಎಣಿಸತೊಡಗಿದೆ. ಮಂಜುಗಡ್ಡೆಯನ್ನು ಬೇಗ ತೆಗೆದರೆ ಬರಿಮೈಯ ಹುಲ್ಲು ಮೈನಸ್ 25ರ ಗಾಳಿಗೆ ಸಾಯುತ್ತದೆ, ತಡಮಾಡಿದರೆ ಉಸಿರುಕಟ್ಟಿ ಸಾಯುತ್ತದೆ. ಹದ ನೋಡುವುದು ಎಂದು ನಮ್ಮಲ್ಲಿ ಹೇಳುವುದು ಇದನ್ನೇ. ಮೂವತ್ತೈದನೆಯ ದಿನ ಡ್ರಿಲ್‌ನಿಂದ ಕೊರೆದು ಪ್ರತಿ ಗ್ರೀನ್‌ನಿಂದ ಎರಡು ಹುಲ್ಲಿನ ತುಂಡು ತೆಗೆದು, ಕುಂಡದಲ್ಲಿಟ್ಟು ಆಫೀಸಿನ ಕಿಟಕಿಯಲ್ಲಿರಿಸಿದೆ. ಹತ್ತು ದಿನದಲ್ಲಿ ಎಲ್ಲವೂ ಚಿಗುರಿದವು, ಹನ್ನೆರಡನೆಯ ಗ್ರೀನ್‌ನ ತುಂಡೊಂದು ಮಾತ್ರ ಅರೆಬರೆ ಹಸಿರಾಯಿತು. ಕೊರೆದ ರಂಧ್ರದಿಂದಲೂ ಹುಳಿ ವಾಸನೆ ಬರುತ್ತಿತ್ತು. ನಲವತ್ತೆಂಟನೆಯ ದಿನ, ಬಿಸಿಲಿದ್ದ ಒಂದು ವಾರದ ಮುನ್ಸೂಚನೆ ನೋಡಿ, ಮಂಜುಗಡ್ಡೆಯ ಮೇಲೆ ಮಿಲೋರ್ಗನೈಟ್ ಎರಚಿಸಿದೆ. ಇದು ಮಿಲ್ವಾಕಿ ನಗರದ ಚರಂಡಿ ನೀರಿನ ಶುದ್ಧೀಕರಣದಿಂದ 1926ರಿಂದಲೂ ತಯಾರಾಗುತ್ತಿರುವ ಕಪ್ಪು ಗೊಬ್ಬರ. ಕಪ್ಪು ಕಾಳು ಬಿಸಿಲು ಹೀರಿ ಕೆಳಕ್ಕೆ ಇಳಿಯುತ್ತಾ ಮಂಜುಗಡ್ಡೆಯನ್ನು ಜೇನುಗೂಡಿನಂತೆ ಮಾಡಿತು. ನಾಲ್ಕನೆಯ ದಿನ ಸಲಿಕೆ ಹಾಕಿದರೆ ಹಲಗೆ ಹಲಗೆಯಾಗಿ ಎದ್ದುಬಂತು. ಕರಗಿದ ನೀರು ಹೊರಹೋಗಲು ಸುತ್ತಲಿನ ಹಿಮದಲ್ಲಿ ಕಾಲುವೆ ತೋಡಿದೆವು, ಏಕೆಂದರೆ ಮಾರ್ಚ್‌ನಲ್ಲಿ ಹಗಲು ಕರಗಿದ ನೀರನ್ನು ಹೀರಿ ಉಬ್ಬಿದ ಕುಡಿ ರಾತ್ರಿಯ ಚಳಿಗೆ ಒಡೆದು ಸಾಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಏಪ್ರಿಲ್‌ನಲ್ಲಿ ಪೈಪುಗಳಿಗೆ ಕಡಿಮೆ ಒತ್ತಡದಲ್ಲಿ ಮೆಲ್ಲನೆ ನೀರು ತುಂಬಿಸಿದಾಗ ಸೀಳಿದ್ದು ಒಂದೇ ಕಡೆ. ಆ ನಾಲ್ಕರಲ್ಲಿ ಬದು ಒಡೆದಿದ್ದ ಏಳನೆಯ ಗ್ರೀನ್ ಮತ್ತು ಇನ್ನೊಂದು ಪೂರ್ತಿ ಹಸಿರಾಗಿ ಎದ್ದವು. ಮೂರನೆಯದರಲ್ಲಿ ಅಲ್ಲಲ್ಲಿ ಪೋವಾ ಸತ್ತಿತ್ತು, ಬೆಂಟ್‌ಗ್ರಾಸ್ ಬೀಜ ಬಿತ್ತಿ ಮುಚ್ಚಿದೆವು. ಬದು ಒಡೆಯದೆ ಉಳಿದಿದ್ದ ಹನ್ನೆರಡನೆಯದರಲ್ಲಿ ತಗ್ಗಿನ ಅಂಚಿನ ಮೂರು ಅಡಿ ಅಗಲದ ಪಟ್ಟಿ ಹೋಗಿತ್ತು. ಅಭ್ಯಾಸದ ಗ್ರೀನ್‌ನಿಂದ ಚಾಪೆ ಸೀಳಿ ತಂದು ಹಾಸಿ, ಮೇ ಕೊನೆಯವರೆಗೆ ಅಲ್ಲಿ ತಾತ್ಕಾಲಿಕ ಕುಳಿಯಲ್ಲಿ ಆಡಿಸಿದೆವು. ಅದೇ ವಾರ ಮಳೆ ಬಂದಾಗ ನೀರು ನಿಂತ ಗೆರೆಯುದ್ದಕ್ಕೂ ಸಣ್ಣ ಬಾವುಟಗಳನ್ನು ನೆಟ್ಟು, ಮಟ್ಟ ಅಳೆದು, ಸೆಪ್ಟೆಂಬರ್‌ನ ಕೆಲಸದ ಪಟ್ಟಿಯಲ್ಲಿ ಹನ್ನೆರಡನ್ನು ಮೊದಲು ಬರೆದೆ.