ಪಾವಣೇಪಾಚ್ ಎಂದರೆ ಐದೂಮುಕ್ಕಾಲಲ್ಲ: ಪುಣೆಯಿಂದ ಬಸ್ಸಿನಲ್ಲಿ ಚಾರಣಕ್ಕೆ ಹೊರಡುವ ಕನ್ನಡಿಗರಿಗೆ

ಕಳೆದ ಶ್ರಾವಣದ ಒಂದು ಭಾನುವಾರ ರಾತ್ರಿ ಎಂಟೂವರೆಗೆ ನನಗೊಂದು ಕರೆ ಬಂತು. ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ದಾವಣಗೆರೆಯ ಹುಡುಗ. ಗೆಳೆಯನೊಂದಿಗೆ ರಾಜಗಡ ಕೋಟೆ ಹತ್ತಿ ಇಳಿದು, ಬುಡದ ಹಳ್ಳಿಯಲ್ಲಿ ಮಳೆಯಲ್ಲಿ ನಿಂತಿದ್ದ. "ಸರ್, ಬಸ್ ಐದೂಮುಕ್ಕಾಲಿಗೆ ಎಂದಿದ್ದರು. ನಾವು ಐದೂಕಾಲಿಗೇ ಬಂದು ನಿಂತಿದ್ದೇವೆ. ಇನ್ನೂ ಬಂದಿಲ್ಲ." ಅವನು ಮಾತು ಮುಗಿಸುವ ಮೊದಲೇ ನಾನು ಕೇಳಿದೆ: "ಅವರು ಹೇಳಿದ್ದು ಪಾವಣೇಪಾಚ್ ಎಂದೇ?" ಹೌದು, ಅದೇ ಎಂದ.

2016ರ ಡಿಸೆಂಬರಿನಲ್ಲಿ ನಾನು ಮಾಡಿದ್ದೂ ಇದೇ ತಪ್ಪು. ಆ ಬಳಿಕ ನನಗೆ ಗೊತ್ತಿರುವಂತೆ ನಾಲ್ಕು ಗುಂಪುಗಳು ಇದೇ ರೀತಿ ಬಸ್ ತಪ್ಪಿಸಿಕೊಂಡಿವೆ, ನಾಲ್ಕೂ ಕನ್ನಡಿಗರವೇ. ಬೂಟು, ನೀರು, ಟೋಪಿಯ ವಿಷಯ ನಿಮಗೆ ಗೊತ್ತಿದೆ. ಯಾವ ಕೋಟೆಗೆ ಎಷ್ಟು ಮೆಟ್ಟಿಲು ಎಂಬುದೂ ಮೊಬೈಲಿನಲ್ಲೇ ಸಿಗುತ್ತದೆ. ಎಲ್ಲೂ ಸಿಗದಿರುವುದು ಈ ಗಂಟೆಯ ಲೆಕ್ಕ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮರಾಠಿಯ ಸಮಯ ನಮಗೆ ಸುಲಭವಾಗಿ ಅರ್ಥವಾದಂತೆ ತೋರುತ್ತದೆ, ಅಪಾಯ ಇರುವುದೇ ಅಲ್ಲಿ. ಪಾಚ್ ಎಂದರೆ ಐದು. ಸವ್ವಾಪಾಚ್ ಎಂದರೆ ಐದೂಕಾಲು. ಸಾಡೇಪಾಚ್ ಎಂದರೆ ಐದೂವರೆ. ಇಲ್ಲಿಯವರೆಗೆ ಎರಡೂ ಭಾಷೆಗಳ ಜಾಡು ಒಂದೇ: ಐದನ್ನು ಹಿಡಿದುಕೊಂಡು ಅದಕ್ಕೆ ಕಾಲು, ಅರ್ಧ ಸೇರಿಸುವುದು. ಹಾಗಾದರೆ ಪಾವಣೇಪಾಚ್ ಐದೂಮುಕ್ಕಾಲೇ ಇರಬೇಕು ಎಂದು ಕನ್ನಡದ ಕಿವಿ ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಆದರೆ ಮುಕ್ಕಾಲಿಗೆ ಬಂದಾಗ ಮರಾಠಿ ಲೆಕ್ಕ ತಿರುಗುತ್ತದೆ. ಪಾವಣೇಪಾಚ್ ಎಂದರೆ ಐದಕ್ಕೆ ಕಾಲು ಕಡಿಮೆ, ಅಂದರೆ ನಾಲ್ಕೂಮುಕ್ಕಾಲು. ನಮಗೂ ಅವರಿಗೂ ನಡುವೆ ಪೂರ್ತಿ ಒಂದು ತಾಸು ಅಂತರ. ದಿನಕ್ಕೆ ಎರಡೋ ಮೂರೋ ಬಸ್ ಬರುವ ಹಳ್ಳಿಯಲ್ಲಿ ಆ ಒಂದು ತಾಸಿನಲ್ಲಿ ನಿಮ್ಮ ರಾತ್ರಿ ಎಲ್ಲಿ ಕಳೆಯುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಇನ್ನೂ ಕೆಲವು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ. ದೀಡ್ ಎಂದರೆ ಒಂದೂವರೆ, ಅಡೀಚ್ ಎಂದರೆ ಎರಡೂವರೆ. ಇವೆರಡಕ್ಕೆ ಸಾಡೇ ಬಳಸುವುದಿಲ್ಲ. ಪಾವೂಣ್ ವಾಜತಾ ಎಂದರೆ ಮಧ್ಯಾಹ್ನ ಹನ್ನೆರಡೂಮುಕ್ಕಾಲಕ್ಕೆ. ಹಣಕ್ಕೂ ಇದೇ ನಿಯಮ: ಜೀಪಿನವರು ಪಾವಣೇದೋನ್‌ಶೇ ಎಂದರೆ 175 ರೂಪಾಯಿ, 275 ಅಲ್ಲ. ಅಡೀಚ್‌ಶೇ ಎಂದರೆ 250.

2016ರ ನನ್ನ ಆ ಸಂಜೆ ಹೇಗೆ ಮುಗಿಯಿತು ಎಂಬುದನ್ನೂ ಹೇಳಬೇಕು, ಏಕೆಂದರೆ ಅಲ್ಲಿ ಎರಡನೆಯ ತಪ್ಪೂ ಇತ್ತು. ಜೊತೆಗೆ ನನ್ನ ಭಾವಮೈದುನ ಮತ್ತು ಅವನ ಹನ್ನೆರಡು ವರ್ಷದ ಮಗ ಇದ್ದರು. ಆರಕ್ಕೆಲ್ಲ ಕತ್ತಲಾಯಿತು. ಏಳೂವರೆಗೆ ತಿರುವಿನಲ್ಲಿ ಬಸ್ಸಿನ ದೀಪ ಕಾಣಿಸಿತು. ಹುಡುಗ ಸಂತೋಷದಿಂದ ಓಡಿಹೋಗಿ ಒಳಗೆ ಕುಳಿತೇಬಿಟ್ಟ. ನಿರ್ವಾಹಕರು ಟಿಕೆಟ್ ಯಂತ್ರ ಪಕ್ಕಕ್ಕಿಟ್ಟು, ಬಹಳ ಸಮಾಧಾನದಿಂದ, "ಮುಕ್ಕಾಮಿ ಆಹೇ" ಎಂದರು. ಆಗಲೇ ಚಾಲಕರು ಹಾಸಿಗೆ ಬಿಚ್ಚುತ್ತಿದ್ದರು. ಹುಬ್ಬಳ್ಳಿ ಕಡೆಯವರು ವಸ್ತಿ ಬಸ್ ಎನ್ನುವುದನ್ನು, ಮೈಸೂರಿನವರು ನೈಟ್ ಹಾಲ್ಟ್ ಎನ್ನುವುದನ್ನು ಇಲ್ಲಿ ಮುಕ್ಕಾಮಿ ಎನ್ನುತ್ತಾರೆ. ಸಂಜೆ ಹಳ್ಳಿಗೆ ಬರುತ್ತದೆ, ಅಲ್ಲೇ ಮಲಗುತ್ತದೆ, ಬೆಳಗಿನ ಜಾವ ಹೊರಡುತ್ತದೆ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಫಲಕದಲ್ಲಿ ಊರಿನ ಹೆಸರಿನ ಮುಂದೆ ಸಂಜೆಯ ಬಸ್ ಕಂಡು, 'ಹೋದದ್ದು ತಿರುಗಿ ಬರಲೇಬೇಕಲ್ಲ' ಎಂದು ನಾನು ಎಣಿಸಿದ್ದೆ. ಆ ರಾತ್ರಿ ಜೀಪಿಗೆ 2,200 ರೂಪಾಯಿ ಕೊಟ್ಟು ಮನೆ ಸೇರಿದಾಗ ಹನ್ನೊಂದು ದಾಟಿತ್ತು. ಹುಡುಗನಿಗೆ ಜ್ವರ ಬಂದಿತ್ತು.

ಆದ್ದರಿಂದ ಬೆಟ್ಟ ಹತ್ತುವ ಮೊದಲೇ, ಬಸ್ ಇಳಿದ ಕ್ಷಣದಲ್ಲಿ, ಅದೇ ನಿರ್ವಾಹಕರನ್ನು ಕೇಳಿ: "ಪುಣ್ಯಾಲಾ ಪರತ್ ಜಾಣಾರೀ ಶೇವಟ್‌ಚೀ ಗಾಡೀ ಕಿತೀ ವಾಜತಾ ಸುಟತೇ?" ಪುಣೆಗೆ ಮರಳುವ ಕೊನೆಯ ಬಸ್ ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಇದರ ಅರ್ಥ. ಇದರಲ್ಲಿ 'ಪರತ್' (ಮರಳಿ) ಎಂಬ ಪದ ಬಿಡಬೇಡಿ. ಬರೀ 'ಕೊನೆಯ ಬಸ್ ಯಾವಾಗ' ಎಂದರೆ ಅವರು ಹಳ್ಳಿಗೆ ಬರುವ ಕೊನೆಯ ಬಸ್ಸಿನ ಸಮಯ ಹೇಳುತ್ತಾರೆ, ಅದು ಮುಕ್ಕಾಮಿಯೇ ಆಗಿರುತ್ತದೆ. ಉತ್ತರ ಬಂದ ಮೇಲೆ ಆ ಸಮಯವನ್ನು ಮೊಬೈಲಿನಲ್ಲಿ ಅಂಕಿಯಾಗಿ ಬರೆದು ತೋರಿಸಿ, ತಲೆಯಾಡಿಸುವವರೆಗೆ ಬಿಡಬೇಡಿ. ಚಹಾ ಅಂಗಡಿಯಲ್ಲಿ ಇನ್ನೊಮ್ಮೆ ಕೇಳಿ. ಭಾನುವಾರದ ವೇಳೆ ಬೇರೆ ಇರಬಹುದು, ಶಾಲೆಗೆ ರಜೆ ಇದ್ದಾಗ ಕೆಲವು ಬಸ್ ಓಡದೆಯೂ ಇರಬಹುದು.

ಸಮಯ ಹೇಳುವುದರಲ್ಲಿ ಕನ್ನಡದ ಕ್ರಮವೇ ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ: ನಡೆಯುತ್ತಿರುವ ಗಂಟೆಯ ಹೆಸರೇ ಮೊದಲು ಬರುತ್ತದೆ, ಅವಸರದಲ್ಲಿರುವವನೂ ತಪ್ಪಾಗಿ ತಿಳಿಯುವುದಿಲ್ಲ. ನಿಲ್ದಾಣದ ಫಲಕಗಳೂ ನಮ್ಮಲ್ಲಿ ಹೆಚ್ಚು ಸ್ಪಷ್ಟ. ಆದರೆ ಬೆಟ್ಟದ ಬುಡದ ಸಣ್ಣ ವಾಡಿಗೂ ಕೆಂಪು ಬಸ್ ಕಳುಹಿಸುವ ವಿಷಯದಲ್ಲಿ ಮಹಾರಾಷ್ಟ್ರದ ಸರ್ಕಾರಿ ಸಾರಿಗೆ ಸಂಸ್ಥೆಯಾದ ಎಸ್‌ಟಿಗೆ ನಾನು ತಲೆಬಾಗುತ್ತೇನೆ. ಆ ಸಂಸ್ಥೆಯ ಮೊದಲ ಬಸ್ 1948ರ ಜೂನ್ 1ರಂದು ಓಡಿದ್ದು ಪುಣೆ–ಅಹ್ಮದ್‌ನಗರ ನಡುವೆಯೇ. ಮುಕ್ಕಾಮಿಯನ್ನು ಶಪಿಸಿದ್ದ ನಾನು ಈಗ ಅದನ್ನೇ ನೆಚ್ಚಿಕೊಂಡಿದ್ದೇನೆ: ಶನಿವಾರ ಸಂಜೆ ಅದರಲ್ಲೇ ಹಳ್ಳಿಗೆ ಹೋಗಿ, ಯಾರದಾದರೂ ಮನೆಯಲ್ಲಿ ದುಡ್ಡು ಕೊಟ್ಟು ಪಿಠ್ಲ–ಭಾಕ್ರಿ ಉಂಡು ಮಲಗಿ, ಬಿಸಿಲೇರುವ ಮೊದಲು ಕೋಟೆ ಹತ್ತಿದರೆ ಮಧ್ಯಾಹ್ನದ ಬಸ್ಸಿಗೆ ನಿರಾಳವಾಗಿ ಇಳಿಯಬಹುದು. ರಾಜಗಡಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಟಿಕೆಟ್ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇಲ್ಲಿ ಇಲ್ಲ. 2023ರ ಮಾರ್ಚ್‌ನಿಂದ ಎಸ್‌ಟಿ ಬಸ್ಸಿನಲ್ಲಿ ಮಹಿಳೆಯರಿಗೆ ಅರ್ಧ ದರವಿದೆ. ನಗರದ ಪಿಎಂಪಿ ಬಸ್ ಬೇರೆಯೇ ಸಂಸ್ಥೆ, ಅಲ್ಲಿ ಆ ರಿಯಾಯಿತಿ ಕೇಳಬೇಡಿ.

ಇನ್ನು ಬಸ್ಸಿನ ಹಣೆಬರಹ. ರಾಜಗಡ, ತೋರಣಾ ಕಡೆ ಹೋಗುವವರು ಸಾತಾರಾ ಹೆದ್ದಾರಿಯಲ್ಲಿ ನಸರಾಪುರ ಫಾಟಾದಲ್ಲಿ ತಿರುಗಬೇಕು. ಫಾಟಾ ಎಂದರೆ ನಾವು ಕ್ರಾಸ್ ಎನ್ನುವುದು. ನೇರ ಬಸ್ ಸಿಗದಾಗ ಸಾತಾರಾ ಬಸ್ ಹತ್ತಿ ಅಲ್ಲಿ ಇಳಿಯೋಣ ಎಂದು ಎಲ್ಲರಿಗೂ ಹೊಳೆಯುತ್ತದೆ. ಫಲಕದಲ್ಲಿ 'ವಿನಾಥಾಂಬಾ' ಎಂದಿದ್ದರೆ ಹತ್ತಬೇಡಿ, ಅದು ನಡುವೆ ನಿಲ್ಲುವುದಿಲ್ಲ. 'ವಿನಾವಾಹಕ' ಎಂದಿದ್ದರೆ ನಿರ್ವಾಹಕರೇ ಇರುವುದಿಲ್ಲ, ಟಿಕೆಟ್ ಮೊದಲೇ ಪಡೆದಿರಬೇಕು. 'ಮಾರ್ಗೇ' ಎಂಬುದರ ಹಿಂದಿರುವ ಹೆಸರನ್ನು ಓದಿ, ಬಸ್ ಯಾವ ಊರಿನ ಮೇಲೆ ಹೋಗುತ್ತದೆ ಎಂಬುದು ಅದರಲ್ಲಿರುತ್ತದೆ. 'ಚೌಕಶಿ' ಎಂದು ಬರೆದ ಕಿಟಕಿ ವಿಚಾರಣೆಗೆ. ನಮ್ಮ ಚೌಕಾಶಿಗೂ ಅದಕ್ಕೂ ಸಂಬಂಧವಿಲ್ಲ. ಮರಾಠಿ ಅಂಕಿಗಳಲ್ಲಿ 'ಒಂದು' (१) ನೋಡಲು ಇಂಗ್ಲಿಷಿನ 9ರಂತೆ, 'ಐದು' (५) 4ರಂತೆ ಇರುತ್ತದೆ. ಓದಿದ್ದನ್ನು ನಂಬದೆ ಊರಿನ ಹೆಸರು ಹೇಳಿ ಕೇಳುವುದೇ ಕ್ಷೇಮ.

ಜುನ್ನರ, ಭೀಮಾಶಂಕರದ ಬಸ್‌ಗಳು ಶಿವಾಜಿನಗರದವು. ಆ ಎಸ್‌ಟಿ ನಿಲ್ದಾಣ ಮೆಟ್ರೊ ಕಾಮಗಾರಿಗಾಗಿ 2019ರ ಕೊನೆಯಲ್ಲಿ ವಾಕಡೇವಾಡಿಗೆ ಸ್ಥಳಾಂತರಗೊಂಡಿತು. ಜನರ ಬಾಯಲ್ಲಿ ಅದು ಶಿವಾಜಿನಗರವಾಗಿಯೇ ಉಳಿದಿದೆ. ರಿಕ್ಷಾದವರಿಗೆ ವಾಕಡೇವಾಡಿ ಎಂದೇ ಹೇಳಿ.

ಮೊದಲ ಸಲ ಹೋಗುವವರು ಸಿಂಹಗಡದಿಂದ ಆರಂಭಿಸಿ. ಶನಿವಾರವಾಡೆಯಿಂದ ಪಿಎಂಪಿಯ 50ನೇ ನಂಬರಿನ ಬಸ್ 'ಸಿಂಹಗಡ ಪಾಯಥಾ'ಕ್ಕೆ, ಅಂದರೆ ಬೆಟ್ಟದ ಬುಡಕ್ಕೆ ಹೋಗುತ್ತದೆ. ಬುಡದ ಹಳ್ಳಿ ಆತ್ಕರವಾಡಿಯಿಂದ ಒಂದೂವರೆ–ಎರಡು ತಾಸು ಏರಿದರೆ ಕೋಟೆಯ ಬಾಗಿಲು, ಪುಣೆ ದರವಾಜಾ. 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟ ನೆಲ ಅದು, ಮೇಲೆ ಅವರ ಸಮಾಧಿಯಿದೆ. ಮಡಕೆಯ ಮೊಸರು ತಿನ್ನದೆ ಇಳಿಯಬೇಡಿ. ಕಾಲು ಪಳಗಿದವರು ಮಾತ್ರ ಕಾತ್ರಜದ ಹಳೆಯ ಸುರಂಗದಿಂದ ಗುಡ್ಡಗಳ ನೆತ್ತಿ ಹಿಡಿದು ಸಿಂಹಗಡಕ್ಕೆ ನಡೆಯಲಿ, ಅದು ಇಡೀ ದಿನದ ಕೆಲಸ. ತೋರಣಾಕ್ಕೆ ವೇಲ್ಹೆಯಲ್ಲಿ ಇಳಿಯಬೇಕು. 1,403 ಮೀಟರ್ ಎತ್ತರದ ಕೋಟೆ, ಪ್ರಚಂಡಗಡ ಎಂಬ ಇನ್ನೊಂದು ಹೆಸರಿಗೆ ತಕ್ಕ ಏರು. ವಯಸ್ಸಾದವರು, ಮಕ್ಕಳು ಇದ್ದರೆ ಶಿವನೇರಿಗೆ ಹೋಗಿ: ಜುನ್ನರ ಪೇಟೆಗೆ ಬಸ್ ತುಂಬ, ಕೋಟೆ ಊರಿಗೆ ಅಂಟಿಕೊಂಡೇ ಇದೆ, ಮೆಟ್ಟಿಲು ಸುಗಮ. ಅಲ್ಲಿಂದ ಮುಂದೆ ಘಾಟಘರ್ ಕಡೆಯ ನಾಣೇಘಾಟಿನಲ್ಲಿ ಸಾತವಾಹನರ ಕಾಲದ ಬ್ರಾಹ್ಮಿ ಶಾಸನವಿರುವ ಗುಹೆಯಿದೆ. ಆ ದಾರಿಗೆ ಬಸ್ ತೀರ ಕಡಿಮೆ, ಮೇಲೆ ಹೇಳಿದ ಪ್ರಶ್ನೆಯನ್ನು ಜುನ್ನರ ನಿಲ್ದಾಣದಲ್ಲೇ ಕೇಳಿ ಮುಗಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ ಹೊರಡುವ ದಿನವೇ ಸುದ್ದಿ ನೋಡಿ. ಜಲಪಾತಗಳಿಗೆ, ಕೆಲವು ಕೋಟೆಗಳಿಗೆ ಜಿಲ್ಲಾಡಳಿತ ನಿಷೇಧ ಹೇರಿರುತ್ತದೆ. ಅದನ್ನು ಮೀರುವ ಧೈರ್ಯ ತೋರಿಸಬೇಡಿ. 2014ರ ಜುಲೈ 30ರಂದು ಇದೇ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳೀಣ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು ಸುಮಾರು 150 ಜನ ಸತ್ತರು. ಊರೇ ಇಲ್ಲವಾಗಿದೆ ಎಂಬುದನ್ನು ಮೊದಲು ಕಂಡು ಸುದ್ದಿ ಮುಟ್ಟಿಸಿದವರು ಆ ದಾರಿಯಲ್ಲಿ ಬಂದ ಎಸ್‌ಟಿ ಬಸ್ಸಿನ ಚಾಲಕರು. ಮಳೆಯಲ್ಲಿ ಬಸ್ ನಡುದಾರಿಯಲ್ಲಿ ನಿಂತು, ಮುಂದೆ ಹೋಗುವುದಿಲ್ಲ ಎಂದು ಚಾಲಕರು ಹೇಳಿದರೆ, ಇನ್ನು ಮೂರೇ ಕಿಲೋಮೀಟರ್ ಎಂದು ಇಳಿದು ನಡೆಯಬೇಡಿ. ಅದೇ ಬಸ್ಸಿನಲ್ಲಿ ಕುಳಿತು ಹಿಂತಿರುಗಿ.